ಎರಡನೇ ಜೀನು

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಅನಿಲ್‌ಕುಮಾರ್ ಜಗಲಿಯ ಮೇಲೆ ಚಾಪೆ ಹಾಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಎದುರಿಗೆ ಅವನ ತಾಯಿ ಮುನಿತಾಯಮ್ಮ ಮೊರದ ತುಂಬ ಅವರೆಕಾಯಿ ಹರವಿಕೊಂಡು ಸುಲಿಯುತ್ತಿದ್ದಳು. ಸೊಗಡಿನ ವಾಸನೆ ಜಗಲಿಗೆಲ್ಲ ಅಂಟಿಕೊಂಡಿತ್ತು. ಸಿಪ್ಪೆಯ ಗುಡ್ಡೆಯ ಪಕ್ಕದಲ್ಲಿ ಅನಿಲನ ಒಂಬತ್ತು ವರ್ಷದ ಮಗಳು ಸಿಂಚನ, ಕಾಳಿನೊಳಗಿಂದ ಇಣುಕುವ ಹಸಿರು ಹುಳುಗಳನ್ನು ಕಡ್ಡಿಯಲ್ಲಿ ಚುಚ್ಚಿ ಎಣಿಸುತ್ತಿದ್ದಳು.

ಅವನು ಓದುತ್ತಿದ್ದುದು ಅನುದಾನದ ಅರ್ಜಿ. ಬೆಂಗಳೂರಿನ ಒಂದು ಪ್ರತಿಷ್ಠಾನ ಹಳ್ಳಿಗಳ ಕುದುರೆ ಯೋಜನೆಗಳಿಗೆ ನೆರವು ಕೊಡುತ್ತದೆಂದು ಪತ್ತೆ ಹಚ್ಚಿದವನು ಅವನೇ, ಹದಿನಾಲ್ಕು ಪುಟ ತುಂಬಿದವನೂ ಅವನೇ. 'ಜಾತಿ, ವರ್ಗ, ಲಿಂಗಗಳ ಯಾವ ಭೇದವೂ ಇಲ್ಲದೆ ಇಪ್ಪತ್ತೆರಡು ಮಕ್ಕಳು ಒಂದೇ ಕುದುರೆಯ ಬೆನ್ನ ಮೇಲೆ ಬೆಳೆಯುತ್ತಿದ್ದಾರೆ' ಎಂಬ ಸಾಲು ಅವನಿಗೆ ತುಂಬ ಹಿಡಿಸಿತ್ತು. ಸೋಂಪುರದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ರಿಪೋರ್ಟು ಬರೆದು ಬರೆದು ಬೇಸತ್ತಿದ್ದ ಕೈಗೆ, ಇಂಥ ಸಾಲೂ ಬರುತ್ತದಲ್ಲ ಎಂದು ಒಳಗೊಳಗೇ ಬೀಗಿದ್ದ.

ಕುದುರೆ ಊರಿಗೆ ಬಂದದ್ದು ಮೂರು ವರ್ಷದ ಹಿಂದೆ. ಬೆಟ್ಟದ ದಾರಿಯ ರೆಸಾರ್ಟೊಂದು ಬಾಗಿಲು ಹಾಕಿದಾಗ ಮಾಲೀಕ ಬೂದು ಬಣ್ಣದ ಹೆಣ್ಣು ಕುದುರೆಯನ್ನು ಹಾಗೇ ಬಿಟ್ಟು ಹೋಗಿದ್ದ. ಅಲ್ಲಿ ಹತ್ತು ವರ್ಷ ಅದನ್ನು ನೋಡಿಕೊಂಡಿದ್ದವನು ಇದೇ ಕರೇಕಲ್ಲುಪಾಳ್ಯದ ಕಾಲೊನಿಯ ಮುನೀಂದ್ರ. ಅವನು ಲಗಾಮು ಹಿಡಿದು ನಡೆಸಿಕೊಂಡೇ ಊರಿಗೆ ತಂದ. ರೆಸಾರ್ಟಿನವರು ಇಟ್ಟಿದ್ದ ಡಚೆಸ್ ಎಂಬ ಹೆಸರು ವಾರದೊಳಗೆ ಡಚ್ಚಮ್ಮ ಆಯಿತು. ಅನಿಲನ ತಂದೆ ಅಪ್ಪಯ್ಯಣ್ಣ ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ಖಾಲಿ ಬಿದ್ದಿದ್ದ ಮನೆಯನ್ನು ಲಾಯಕ್ಕೆ ಕೊಟ್ಟು, ಒಂದು ಟ್ರಸ್ಟು ಮಾಡಿ, ತಾನೇ ಅಧ್ಯಕ್ಷನಾದ. ಭಾನುವಾರ ಬೆಳಗ್ಗೆ ಊರ ಮಕ್ಕಳಿಗೆ ಸವಾರಿ. ಮುನೀಂದ್ರನ ಮಗಳು ಶಿಲ್ಪಾಳಿಗೆ ಹುಟ್ಟಿನಿಂದ ಕಾಲು ಬಿಗಿ, ಗೋಡೆ ಹಿಡಿಯದೆ ನಿಲ್ಲುತ್ತಿರಲಿಲ್ಲ. ವರ್ಷವಿಡೀ ಕುದುರೆಯ ಮೇಲೆ ಕೂತು ಸೊಂಟ ಸಡಿಲವಾಗಿ, ಈಗ ಒಂದು ಕೋಲು ಹಿಡಿದು ಅಂಗಳ ದಾಟುತ್ತಾಳೆ. ಅರ್ಜಿಯ ಮೊದಲ ಪುಟದಲ್ಲಿ ಅವಳದೇ ಫೋಟೋ ಇತ್ತು.

ಆದರೆ ಅಪ್ಪಯ್ಯಣ್ಣನಿಗೆ ಮೇವಿನ ಖರ್ಚು ಸಾಕಾಗಿತ್ತು. ಯುಗಾದಿಯೊಳಗೆ ಅನುದಾನ ಬಾರದಿದ್ದರೆ ಕುದುರೆಯನ್ನು ಮಾರುವುದೆಂದು ತೀರ್ಮಾನವಾಗಿತ್ತು. ಮದುವೆ ಬ್ಯಾಂಡಿನವನೊಬ್ಬ ಹೊಸಕೋಟೆಯಿಂದ ಬಂದು ಡಚ್ಚಮ್ಮನ ಹಲ್ಲು ಎತ್ತಿ ನೋಡಿ ಹೋಗಿದ್ದ.

ಫೋನು ಬಂತು. ಪ್ರತಿಷ್ಠಾನದ ಮಮತ.

"ಸರ್, ನಿಮ್ಮ ಅರ್ಜಿ ಓದ್ತಾ ಇದ್ದೆ. ಚೆನ್ನಾಗಿ ಬರ್ದಿದೀರ. ಒಂದೇ ಒಂದು ಡೌಟು. ಸವಾರಿಗೆ ಇರೋದು ಒಂದೇ ಕುದುರೆ ಅಲ್ವಾ?"

"ಹೌದು ಮೇಡಂ, ಒಂದೇ."

"ಸಾಮಾನಿನ ಪಟ್ಟೀಲಿ ಬೆನ್ನಿಗೆ ಕಟ್ಟೋ ಜೀನು ಎರಡು ಅಂತ ಇದೆ. ಹೆಲ್ಮೆಟ್ಟು 'ನಾಲ್ಕು ಪ್ಲಸ್ ಎರಡು' ಅಂತ ಬರ್ದಿದೀರ. ಆರು ಅಂತ ಬರೀಬಹುದಿತ್ತಲ್ಲ, ಪ್ಲಸ್ ಯಾಕೆ?"

ಅನಿಲ್ ಪಟ್ಟಿಯನ್ನು ನೋಡಿದ. ಮುನೀಂದ್ರ ಹೇಳಿದ್ದನ್ನು ಹೇಳಿದ ಹಾಗೇ ಹಾಕಿದ್ದ. ಹಾಕುವಾಗ ಕೈ ತಡೆದಿರಲಿಲ್ಲ.

"ಅದು... ಹಳೇದು ಮೇಡಂ. ಸ್ಪೇರು."

"ಸ್ಪೇರಾ." ಆ ಕಡೆ ಪುಟ ಮಗುಚಿದ ಸದ್ದು. "ಸರಿ ಸರ್. ನಾಳೆ ಮಕ್ಕಳು ಬರ್ತಾರಲ್ವಾ? ನಾನು ನೆಲಮಂಗಲದವಳೇ. ಬಂದು ನೋಡ್ಕೊಂಡು ಹೋಗ್ತೀನಿ. ಸೋಮವಾರ ಕಮಿಟಿ ಮುಂದೆ ಇಡ್ಬೇಕು."

"ಏನಂತೆ?" ಅಂದಳು ಮುನಿತಾಯಮ್ಮ.

"ನಾಳೆ ನೋಡೋಕೆ ಬರ್ತಾರಂತೆ."

"ಬರ್ಲಿ ಬಿಡು. ಅವರೆಕಾಳು ಉಪ್ಪಿಟ್ಟು ಮಾಡ್ತೀನಿ."

ಅವನು ಎದ್ದು ಲಾಯದ ಕಡೆ ನಡೆದ.

ಮುನೀಂದ್ರ ಕುದುರೆಯ ಮುಂಗಾಲನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಗೊರಸಿಗೆ ಮೆತ್ತಿದ್ದ ಸಗಣಿ ಕೆರೆಯುತ್ತಿದ್ದ. ಅನಿಲ್‌ಗಿಂತ ಆರು ವರ್ಷ ದೊಡ್ಡವನು, ಆದರೂ ಕರೆಯುವುದು ಅಣ್ಣ ಅಂತ. ಅನಿಲ್ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದ. ಅದೂ ಇವತ್ತಿನವರೆಗೆ ಕಿವಿಗೆ ತಾಗಿರಲಿಲ್ಲ.

ಲಾಯದ ಒಳಗೆ, ಮರದ ಅಡ್ಡೆಯ ಮೇಲೆ, ಒಳ್ಳೆಯ ಜೀನು ಕೂತಿತ್ತು. ಬೆಂಗಳೂರಿನ ಡಾಕ್ಟರೊಬ್ಬರು ಶಿಲ್ಪಾಳಂಥ ಮಕ್ಕಳಿಗೆಂದೇ ಕೊಡಿಸಿದ್ದು. ಮೆತ್ತಗಿನ ಚರ್ಮ, ಮುಂದೆ ಹಿಡಿದುಕೊಳ್ಳಲು ಹಿಡಿ, ಹಿಂದೆ ಸೊಂಟಕ್ಕೆ ಆಸರೆ. ಪಕ್ಕದಲ್ಲಿ ನಾಲ್ಕು ಹೆಲ್ಮೆಟ್ಟು. ಹೊರಗೆ, ಸೂರಿನ ಕೆಳಗೆ, ಗೋಡೆಯ ಮೊಳೆಗೆ ಇನ್ನೊಂದು ಜೀನು ತೂಗುಹಾಕಿತ್ತು. ರೆಸಾರ್ಟಿನವರು ಬಿಸಾಡಿದ್ದು. ಚರ್ಮ ಬಿರಿದು ಒಳಗಿನ ನಾರು ಹೊರಗೆ ಬಂದಿತ್ತು, ಅದರೊಳಗೆ ಗುಬ್ಬಿಯೊಂದು ಹುಲ್ಲು ತುಂಬಲು ನೋಡಿತ್ತು. ಅದರ ಪಕ್ಕ ಎರಡು ಹೆಲ್ಮೆಟ್ಟು, ಅಂಚಿಗೆ ಸುತ್ತಲೂ ಕೆಂಪು ಕರೆಂಟ್ ಟೇಪು.

ಅವನು ಇದನ್ನು ನೋಡಿಯೇ ಇರಲಿಲ್ಲ ಎಂದೇನಲ್ಲ. ಮೂರು ವರ್ಷ, ಪ್ರತಿ ಭಾನುವಾರ ನೋಡಿದ್ದ. ಕಾರ್ಖಾನೆಯಲ್ಲಿ ಕಬ್ಬಿಣದ ಬಿಲ್ಲೆಯ ಮೇಲೆ ಕೂದಲೆಳೆಯಷ್ಟು ಸೀಳಿದ್ದರೂ ಉಗುರಲ್ಲೇ ಹಿಡಿದು ಪಕ್ಕಕ್ಕೆ ಎಸೆಯುವ ಮನುಷ್ಯ ಇಲ್ಲಿ ಬಂದರೆ ಬರೀ ಕುದುರೆ ನೋಡುತ್ತಿದ್ದ.

"ಮುನೀಂದ್ರ, ಈ ಜೀನು ಯಾರ್ದು?"

ಮುನೀಂದ್ರ ತಲೆ ಎತ್ತಲಿಲ್ಲ. "ಟ್ರಸ್ಟಿಂದೇ ಅಣ್ಣ."

"ಅದಲ್ಲ. ಯಾರು ಕೂರೋದು ಇದರ ಮೇಲೆ?"

"ಗೊತ್ತಿಲ್ವಾ ನಿಮಗೆ?"

"ಆ ಮೇಡಂ ಕೇಳಿದ್ರು. ಸ್ಪೇರು ಅಂದೆ."

"ಒಳ್ಳೇದಾಯ್ತು. ಅದ್ನೇ ಹೇಳಿ." ಅವನು ಕಾಲನ್ನು ಕೆಳಗಿಟ್ಟು ಇನ್ನೊಂದು ಕಾಲಿಗೆ ಸುತ್ತಿ ಬಂದ. "ಹಳೇದು, ಸ್ಪೇರು, ಎಲ್ಲಾ ಹೌದಲ್ವಾ."

"ಟೇಪು ಸುತ್ತಿದ್ದು ಯಾರು?"

"ನಾನೇ."

"ಯಾರು ಹೇಳಿದ್ರು ಸುತ್ತು ಅಂತ?"

"ಯಾರೂ ಹೇಳ್ಲಿಲ್ಲ ಅಣ್ಣ. ಎಲ್ಲಾನೂ ಬಾಯಿಬಿಟ್ಟು ಹೇಳ್ಬೇಕಾ? ಮೊದಲ್ನೇ ಭಾನುವಾರ ನಮ್ಮ ಶಿಲ್ಪನ್ನ ಆ ಒಳ್ಳೇ ಜೀನಿನ ಮೇಲೇ ಕೂರ್ಸಿದ್ದೆ. ಇಳಿಸಿದ್ ತಕ್ಷಣ ನಿಮ್ಮ ತಾಯಿ ಚೊಂಬು ತಂದ್ರು. ನೀರು ಚಿಮುಕಿಸಿ, ಒದ್ದೆ ಬಟ್ಟೇಲಿ ಉಜ್ಜಿ, ಆಮೇಲೆ ಸಿಂಚನನ ಕೂರ್ಸಿದ್ರು. ಬೈಲಿಲ್ಲ, ಏನಿಲ್ಲ. ನನ್ನ ಕೂಸಿಗೆ ಬಾಳೆಹಣ್ಣೂ ಕೊಟ್ರು. ಅವಳು ಹಣ್ಣು ಕೈಯಲ್ಲಿ ಹಿಡ್ಕೊಂಡು ಜೀನನ್ನೇ ನೋಡ್ತಾ ಇದ್ಲು. ಮುಂದಿನ ವಾರ ನಾನೇ ನಮ್ಮ ಮಕ್ಕಳಿಗೆ ಅಂತ ಆ ಹಳೇದು ತಗುಲಿ ಹಾಕ್ದೆ. ಇಲ್ದಿದ್ರೆ ವಾರ ವಾರ ಆ ಉಜ್ಜೋದನ್ನ ನೋಡ್ಬೇಕಲ್ಲ ಅವಳು."

"ನಾನಿದ್ನಾ ಅವತ್ತು?"

"ಇದ್ರಲ್ಲ. ಫೋಟೋ ತೆಗೀತಿದ್ರಿ."

ಅನಿಲ್ ಫೋನು ತೆಗೆದು ಮೂರು ವರ್ಷದ ಹಿಂದಕ್ಕೆ ಬೆರಳಾಡಿಸಿದ. ಸಿಕ್ಕಿತು. ಅರ್ಜಿಯ ಎಂಟನೇ ಪುಟದಲ್ಲಿರುವ ಚಿತ್ರ ಇದೇ. ಸಿಂಚನ ಜೀನಿನ ಮೇಲೆ ಹತ್ತುತ್ತಿರುವುದು, ಬೆಳಗಿನ ಬಿಸಿಲು, ಡಚ್ಚಮ್ಮನ ಬೂದು ಕತ್ತು. ಅದರ ಕೆಳಗೆ 'ಸಮಾನತೆಯ ಮೊದಲ ಹೆಜ್ಜೆ' ಎಂದು ಬರೆದಿದ್ದ. ಆದರೆ ಫೋನಿನಲ್ಲಿದ್ದ ಮೂಲ ಚಿತ್ರ ಇನ್ನೂ ಅಗಲವಾಗಿತ್ತು. ಬಲಗಡೆ ತಾಯಿಯ ಬಳೆ ತೊಟ್ಟ ಕೈ, ಕೈಯಲ್ಲಿ ಹಿಂಡಿದ ಬಟ್ಟೆ, ನೆಲದ ಮೇಲೆ ಹಸಿರು ಪ್ಲಾಸ್ಟಿಕ್ ಚೊಂಬು. ಇನ್ನೂ ಆಚೆ, ಗೋಡೆಗೆ ಒರಗಿ ನಿಂತಿದ್ದ ಶಿಲ್ಪ.

ಆ ಬದಿಯನ್ನು ಕತ್ತರಿಸಿದ್ದು ಅವನೇ. ನಾಚಿಕೆಯಿಂದ ಕತ್ತರಿಸಿದ್ದರೆ ಒಂದು ಮಾತು. ಹಸಿರು ಚೊಂಬು ಕಣ್ಣಿಗೆ ಹೊಡೆಯುತ್ತಿದೆ, ಚಿತ್ರ ಕೆಡುತ್ತಿದೆ ಎಂದು ಕತ್ತರಿಸಿದ್ದ. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಅವನು ಗೋಡೆಯ ಕಡೆ ತಿರುಗಿ ಉಗುಳಿದ.

"ನಾಳೆ ಆ ಮೇಡಂಗೆ ಇದನ್ನೇ ತೋರಿಸ್ತೀನಿ. ಇದ್ದಿದ್ದು ಇದ್ದ ಹಾಗೆ ಬರೀತೀನಿ," ಅಂದ.

ಮುನೀಂದ್ರ ಕೈಯಲ್ಲಿದ್ದ ಕೊಕ್ಕೆಯನ್ನು ಕೆಳಗಿಟ್ಟ. ಮೊದಲ ಸಲ ನೇರವಾಗಿ ನೋಡಿದ.

"ಬರೆದ್ರೆ ಏನಾಗುತ್ತೆ ಅಣ್ಣ?"

"ನಿಜ ಗೊತ್ತಾಗುತ್ತೆ."

"ಯಾರಿಗೆ? ನಮ್ಗೆ ಗೊತ್ತೇ ಐತೆ. ನಿಮ್ಮೋರಿಗೂ ಗೊತ್ತೇ ಐತೆ. ಬೆಂಗ್ಳೂರೋರಿಗೆ ಗೊತ್ತಾಗುತ್ತೆ, ಅವ್ರು ಫಂಡು ಕೊಡಲ್ಲ ಅಂತಾರೆ. ಡಚ್ಚಮ್ಮನ್ನ ಬ್ಯಾಂಡ್‌ನೋನು ಹೊಡ್ಕೊಂಡು ಹೋಗ್ತಾನೆ. ನನ್ನ ಮಗಳು ಮತ್ತೆ ಗೋಡೆ ಹಿಡೀತಾಳೆ. ನಿಮಗೇನು, ಬರೆದು ಹಗುರ ಆಗ್ಬಿಡ್ತೀರಿ."

"ಹಾಗಾದ್ರೆ ಹಿಂಗೇ ಬಿಡ್ಲಾ?"

"ನಾನು ಹಂಗಂದ್ನಾ? ಮಾಡೋದಾದ್ರೆ ಇಲ್ಲಿ ಮಾಡಿ." ಅವನು ಕಾಲಲ್ಲಿ ನೆಲ ತೋರಿಸಿದ. ಸಗಣಿ, ಹುಲ್ಲು, ಮಕ್ಕಳ ಚಪ್ಪಲಿ ಗುರುತು. "ಕಾಗದದ ಮೇಲೆ ಮಾಡ್ಬೇಡಿ. ಕಾಗದದ ಮೇಲೆ ನಮ್ಮೂರು ಆವಾಗ್ಲೇ ಚೆನ್ನಾಗೈತೆ."

ಮಧ್ಯಾಹ್ನ ಊಟಕ್ಕೆ ಕೂತಾಗ ಅನಿಲ್ ವಿಷಯ ತೆಗೆದ. ಅಪ್ಪಯ್ಯಣ್ಣ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದ. ಅನಿಲನ ಹೆಂಡತಿ ವಿಮಾನ ನಿಲ್ದಾಣದ ಕಡೆ ಡ್ಯೂಟಿಗೆ ಹೋಗಿದ್ದರಿಂದ ಬಡಿಸುತ್ತಿದ್ದವಳು ತಾಯಿ.

"ಅಮ್ಮ, ಶಿಲ್ಪ ಕೂತ ಜೀನನ್ನ ಅವತ್ತು ಯಾಕೆ ತೊಳೆದೆ?"

ಮುನಿತಾಯಮ್ಮ ಸೌಟನ್ನು ಹಿಡಿದೇ ನಿಂತಳು. "ಯಾವಾಗ್ಲೋ? ಮೂರು ವರ್ಷದ್ದು ಈಗ ಕೇಳ್ತೀಯ. ಹೇನು ಹತ್ಕೊಳ್ಳುತ್ತೆ ಅಂತ ಕಣೋ. ನಮ್ಮ ಸಿಂಚನನ ಕೂದ್ಲು ನೋಡು, ಎಷ್ಟು ಉದ್ದ ಐತೆ."

"ಜೀನಿನ ಮೇಲೆ ತಲೆ ಇಟ್ಟು ಕೂರ್ತಾರಾ?"

"ನಿನಗೆ ಉತ್ತರ ಕೊಡೋಕೆ ಆಗಲ್ಲ ನನ್ಗೆ."

"ದಿನಾ ಆ ಕುದುರೆ ಮೈ ತಿಕ್ಕೋನು ಮುನೀಂದ್ರ. ಆ ಜೀನಿಗೆ ಎಣ್ಣೆ ಹಚ್ಚೋನೂ ಅವನೇ. ಅದಕ್ಕೇನೂ ಆಗಲ್ವಾ?"

"ಅದು ಕೆಲಸ. ಕುದುರೆ ಪ್ರಾಣಿ. ಪ್ರಾಣಿಗೆ ಅದೆಲ್ಲ ಇಲ್ಲ."

"ನಮಗೆ ಐತೆ."

"ಐತೆ," ಅಂದಳು ಮುನಿತಾಯಮ್ಮ, ಸುಮ್ಮನೆ, ಉಪ್ಪು ಇದೆಯಾ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. "ನಾನೇನು ಅವ್ರಿಗೆ ಕೆಟ್ಟದ್ದು ಬಯಸಿದೀನಾ? ಆ ಮಗೀಗೆ ಬಾಣಂತಿ ಎಣ್ಣೆ ಕಾಯ್ಸಿ ಕೊಟ್ಟೋಳು ಯಾರು? ನಾನೇ. ಕಾಲಿಗೆ ಹಚ್ಚು ಅಂತ."

ಅದು ನಿಜವಾಗಿತ್ತು. ಅದೇ ಅನಿಲನಿಗೆ ಇನ್ನೂ ಅಸಹ್ಯ ಹುಟ್ಟಿಸಿತು. ಆ ಕೈ ಕೆಟ್ಟದಾಗಿದ್ದರೆ ಎಷ್ಟು ಸುಲಭವಿತ್ತು. ಎಣ್ಣೆ ಕಾಯಿಸಿ ಕೊಟ್ಟ ಕೈಯೇ ಒದ್ದೆ ಬಟ್ಟೆಯನ್ನೂ ಹಿಂಡಿತ್ತು. ಈಗ ಅದೇ ಕೈ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತಿತ್ತು.

ಅಪ್ಪಯ್ಯಣ್ಣ ತಟ್ಟೆ ಖಾಲಿ ಮಾಡಿ ಮಾತಾಡಿದ.

"ನೋಡಪ್ಪಾ, ನಾನು ಜಾತಿ ಮಾಡೋನಲ್ಲ. ನಮ್ಮಪ್ಪ ಅವ್ರನ್ನ ಅಂಗಳಕ್ಕೇ ಬಿಟ್ಕೊಳ್ತಿರ್ಲಿಲ್ಲ, ನಾನು ಲಾಯದ ಬೀಗದ ಕೈಯೇ ಕೊಟ್ಟಿದೀನಿ. ಆದ್ರೆ ಭಾನುವಾರ ಹದಿನೆಂಟು ಮಕ್ಕಳು ನಮ್ಮ ಬೀದಿಯೋವು. ಅವುಗಳ ಅಮ್ಮಂದಿರು ನಿಲ್ಸಿಬಿಟ್ರೆ? ಭೀಮರಾಜ್ ಹೆಂಡ್ತಿ ಒಬ್ಳು ಸಾಕು, ಇಡೀ ಬೀದಿ ತಿರುಗಿಸ್ತಾಳೆ. ಕಾಲೊನಿಯೋವು ನಾಲ್ಕು ಮಕ್ಕಳು. ನಾಲ್ಕು ಮಕ್ಕಳಿಗೆ ಯಾರು ಕೊಡ್ತಾರೆ ಫಂಡು? ಮೊದ್ಲು ಕುದುರೆ ಉಳೀಲಿ. ದುಡ್ಡು ಬಂದ್ಮೇಲೆ ಅವ್ರಿಗೂ ಅಂಥದ್ದೇ ಹೊಸ ಜೀನು ತರ್ಸೋಣ. ಎರಡೂ ಒಂದೇ ಥರದ್ದು. ಆಗ ನ್ಯಾಯ ಆಯ್ತಲ್ಲ."

"ಎರಡೂ ಒಂದೇ ಥರದ್ದು," ಅನಿಲ್ ಮೆಲ್ಲಗೆ ಅಂದ.

"ಹ್ಞೂಂ. ಏನು ತಪ್ಪು?"

ತಂದೆ ಅದನ್ನು ದೊಡ್ಡ ಮನಸ್ಸಿನಿಂದಲೇ ಹೇಳಿದ್ದ. ಅನಿಲ್ ತಟ್ಟೆಯಲ್ಲಿ ಕೈ ತೊಳೆದ. ಮುದ್ದೆ ಅರ್ಧ ಉಳಿದಿತ್ತು.

"ನಾಳೆಗೆ ನಾನು ನೋಡ್ಕೊಳ್ತೀನಿ," ಅಂದ ಅಪ್ಪಯ್ಯಣ್ಣ. "ಆ ಹಳೇ ಜೀನು, ಟೇಪಿನ ಹೆಲ್ಮೆಟ್ಟು ಅಟ್ಟಕ್ಕೆ ಹಾಕಿಸ್ತೀನಿ. ಮೇಡಂ ಎದುರಿಗೆ ಎಲ್ಲರೂ ಒಂದೇ ಜೀನು. ನಿಮ್ಮಮ್ಮನೂ ಚೊಂಬು ಮುಟ್ಟಲ್ಲ. ನೀನು ಹೆಸರು ಕೂಗು, ಅಷ್ಟೇ."

ಭಾನುವಾರ ಏಳಕ್ಕೆ ಮಂಜು ಇನ್ನೂ ರಾಗಿ ಬಣವೆಗಳ ಮೇಲೆ ಕೂತಿತ್ತು. ಲಾಯದ ಮುಂದಿನ ಬಯಲಿಗೆ ಮಕ್ಕಳು ಸ್ವೆಟರ್ ಹಾಕಿಕೊಂಡು ಬಂದವು, ಹಿಂದೆ ಅಮ್ಮಂದಿರು. ಮೊಮ್ಮಗನನ್ನು ಕರೆತಂದ ಪಿಳ್ಳಣ್ಣ ಬೀಡಿ ಹಚ್ಚಿ ಕಲ್ಲಿನ ಮೇಲೆ ಕೂತ. ಕಾಲೊನಿಯ ನಾಲ್ಕು ಮಕ್ಕಳು ಎಂದಿನಂತೆ ಹುಣಸೆ ಮರದ ಹತ್ತಿರ ಬೇರೆಯಾಗಿ ನಿಂತವು. ಯಾರೂ ಅಲ್ಲಿ ನಿಲ್ಲಿ ಎಂದು ಹೇಳಿರಲಿಲ್ಲ. ಶಿಲ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕುದುರೆಯನ್ನೇ ನೋಡುತ್ತಿದ್ದಳು.

ಮಮತ ಸ್ಕೂಟರಿನಲ್ಲಿ ಬಂದಳು. ನಲವತ್ತರ ಹತ್ತಿರದ ಹೆಂಗಸು, ಕಾಟನ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಉಪ್ಪಿಟ್ಟು ಆಮೇಲೆ ಅಂದಳು. ಲಾಯದ ಒಳಗೆ ಹೋಗಿ ಬಂದಳು, ಹೊರಗಿನ ಗೋಡೆಯ ಹತ್ತಿರ ನಿಂತಳು. ಅಲ್ಲಿ ಖಾಲಿ ಮೊಳೆ, ಅದರ ಕೆಳಗೆ ಸುಣ್ಣದ ಗೋಡೆಯ ಮೇಲೆ ಜೀನಿನ ಆಕಾರದ ಕೊಳೆ. ಅವಳು ಅದನ್ನು ನೋಡಿ ಬಯಲಿನ ಕಡೆ ನಡೆದಳು.

ಅಪ್ಪಯ್ಯಣ್ಣ ಅನಿಲನ ಕೈಗೆ ಪಟ್ಟಿ ಕೊಟ್ಟ. ತಾನೇ ಕೂತು ದುಂಡಗೆ ಬರೆದಿದ್ದ. ಮೊದಲ ಹೆಸರು ಭೀಮರಾಜನ ಮಗ ವಿಜಯ್. ಹದಿನೆಂಟನೆಯದು ಪಿಳ್ಳಣ್ಣನ ಮೊಮ್ಮಗ. ಆಮೇಲೆ ಕಾಲೊನಿಯ ನಾಲ್ಕು. ಎಲ್ಲಕ್ಕಿಂತ ಕೊನೆಗೆ ಶಿಲ್ಪ.

ಅನಿಲ್ ಪಟ್ಟಿಯನ್ನು ಎರಡು ಸಲ ಓದಿದ. ಎಷ್ಟು ಅಚ್ಚುಕಟ್ಟಾಗಿತ್ತು. ಒಂದೇ ಕುದುರೆ, ಒಂದೇ ಜೀನು, ಇಪ್ಪತ್ತೆರಡು ಮಕ್ಕಳು, ಮೇಡಂ ನೋಡುತ್ತಿರುತ್ತಾರೆ. ಕಾಲೊನಿಯ ಮಕ್ಕಳು ಇಳಿದ ಮೇಲೆ ಆ ಜೀನಿನ ಮೇಲೆ ಕೂರುವವರು ಯಾರೂ ಇರುವುದಿಲ್ಲ. ಮೇಡಂ ಸ್ಕೂಟರ್ ಹತ್ತಿದ ಮೇಲೆ ತೊಳೆದರಾಯಿತು. ತಂದೆ ಸರದಿಯಲ್ಲೇ ಎಲ್ಲವನ್ನೂ ಜಾಣತನದಿಂದ ಮುಚ್ಚಿಟ್ಟಿದ್ದ. ತಾನು ಬರೆದ ಹದಿನಾಲ್ಕು ಪುಟವೂ ಇದೇ ಕೈಯದು ಅನ್ನಿಸಿತು.

"ಕೂಗಪ್ಪಾ," ಅಂದ ಅಪ್ಪಯ್ಯಣ್ಣ.

ಅನಿಲ್ ಪಟ್ಟಿಯ ಅಡಿಗೆ ಬೆರಳಿಟ್ಟ. "ಶಿಲ್ಪ," ಅಂದ.

ಮುನೀಂದ್ರನ ಕೈ ಲಗಾಮಿನ ಮೇಲೆ ನಿಂತಿತು. ಹುಣಸೆ ಮರದ ಹತ್ತಿರ ಶಿಲ್ಪ ಕದಲಲಿಲ್ಲ. ಅವಳಿಗೂ ಸರದಿ ಗೊತ್ತಿತ್ತು.

"ಶಿಲ್ಪ, ಬಾಮ್ಮ. ನಿಂದೇ ಮೊದಲು."

ಅವಳು ಬಂದಳು, ಕೋಲೂರಿಕೊಂಡು, ಅಷ್ಟೂ ಬಯಲನ್ನು ದಾಟಿ. ಮುನೀಂದ್ರ ಮಗಳನ್ನು ಎತ್ತಿ ಕೂರಿಸಿದ. ಹಿಂಬದಿಯ ಆಸರೆಗೆ ಅವಳ ಸೊಂಟ ಸೇರಿತು. ಹಳೆಯ ಜೀನಿನ ಮೇಲೆ ಒಂದು ಕೈಯಲ್ಲಿ ಕುದುರೆಯ ಜೂಲು ಹಿಡಿದು ವಾಲಿಕೊಂಡು ಕೂರುತ್ತಿದ್ದವಳು ಈಗ ನೆಟ್ಟಗೆ ಕೂತಳು. ಡಚ್ಚಮ್ಮ ಎರಡು ಸುತ್ತು ನಡೆದಳು. ಎರಡನೇ ಸುತ್ತಿನಲ್ಲಿ ಶಿಲ್ಪ ಹಿಡಿಯನ್ನು ಬಿಟ್ಟು ಕೈ ತೊಡೆಯ ಮೇಲೆ ಇಟ್ಟುಕೊಂಡಳು. ಮಮತ ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಇಳಿಸಿದ ಮೇಲೆ ಬಯಲೆಲ್ಲ ಅನಿಲನ ಕಡೆ ನೋಡಿತು.

"ಸಿಂಚನ," ಅಂದ.

ಮುನಿತಾಯಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಸೆರಗಿನ ತುದಿಯನ್ನು ಮುದುರಿ ಹಿಡಿದಿದ್ದಳು. ಅನಿಲ್ ಮಗಳನ್ನು ಕಂಕುಳಲ್ಲಿ ಹಿಡಿದು ಎತ್ತಿದ, ಜೀನಿನ ಹತ್ತಿರ ತಂದ. ಆಗ, ಅರ್ಧ ಕ್ಷಣ, ಅವನ ಬಲಗೈ ಮಗಳನ್ನು ಬಿಟ್ಟು ತನ್ನ ಹೆಗಲ ಮೇಲಿನ ಟವೆಲ್ಲಿನ ಕಡೆ ಹೋಯಿತು.

ಅವನು ಕಳಿಸಿರಲಿಲ್ಲ. ಕೈ ತಾನೇ ಹೋಗಿತ್ತು.

ಮುನೀಂದ್ರ ಅದನ್ನು ನೋಡಿದ. ಶಿಲ್ಪಾಳೂ ನೋಡಿದಳು. ಅನಿಲನಿಗೆ ಆ ಕೈಯನ್ನು ಎಲ್ಲಾದರೂ ಬಚ್ಚಿಡಬೇಕೆನ್ನಿಸಿತು. ತಾಯಿಗೆ ಕೇಳಿದ ಪ್ರಶ್ನೆ, ತಂದೆಯ ಮೇಲಿನ ಸಿಟ್ಟು, ನಿನ್ನೆಯಿಂದ ಒಳಗೆ ಕುದಿಯುತ್ತಿದ್ದ ಅಸಹ್ಯ, ಎಲ್ಲವೂ ತಿರುಗಿ ಬಂದು ಐದು ಬೆರಳಲ್ಲಿ ಕೂತವು. ಅವನು ಕೈಯನ್ನು ಮಗಳ ಕಡೆಗೆ ಮರಳಿಸಿ, ಅವಳನ್ನು ಜೀನಿನ ಮೇಲೆ ಕೂರಿಸಿದ.

"ಅಪ್ಪ, ಬೆಚ್ಚಗಿದೆ," ಅಂದಳು ಸಿಂಚನ, ಚಳಿಗೆ ಹಲ್ಲು ಕಡಿಯುತ್ತ, ಖುಷಿಯಿಂದ.

ಮುನಿತಾಯಮ್ಮ ಹಿಂದಿರುಗಿ ಮನೆಯ ಕಡೆ ನಡೆದುಬಿಟ್ಟಳು.

ಅನಿಲ್ ಮುಂದಿನ ಹೆಸರು ಕರೆದ. "ವಿಜಯ್."

ಭೀಮರಾಜನ ಹೆಂಡತಿ ಮಗನ ಭುಜ ಹಿಡಿದಳು. "ಇವನಿಗೆ ರಾತ್ರಿಯಿಂದ ನೆಗಡಿ," ಅಂದಳು. ಹುಡುಗ ನೆಗಡಿಯಿಲ್ಲದ ಮೂಗನ್ನು ಮೇಲೆತ್ತಿ ಅವಳನ್ನು ನೋಡಿದ. ಇನ್ನೊಬ್ಬಳಿಗೆ ಟ್ಯೂಷನ್ ನೆನಪಾಯಿತು. ಮತ್ತೊಬ್ಬಳು ಏನೂ ಹೇಳದೆ ಎರಡು ಮಕ್ಕಳನ್ನು ಎಳೆದುಕೊಂಡು ಹೋದಳು. ಅನಿಲ್ ಒಂದೊಂದೇ ಹೆಸರು ಕರೆಯುತ್ತಾ ಹೋದ. ಬಾರದ ಹೆಸರನ್ನೂ ಎರಡು ಸಲ ಕರೆದು, ಸ್ವಲ್ಪ ಕಾದು, ಮುಂದಿನದಕ್ಕೆ ಹೋಗುತ್ತಿದ್ದ. ಕೆಲವು ಹೆಸರುಗಳನ್ನು ಖಾಲಿ ಬಯಲಿಗೇ ಕರೆಯಬೇಕಾಯಿತು.

"ಏ, ನಮ್ಮುಡುಗ್ನ ಹತ್ಸಪ್ಪಾ ಬೇಗ," ಅಂದ ಪಿಳ್ಳಣ್ಣ, ಬೀಡಿಯನ್ನು ಕಲ್ಲಿಗೆ ಉಜ್ಜಿ. "ಬಿಸ್ಲು ಏರ್ತಾ ಐತೆ. ನೀರು ಕಟ್ಟೋಕೆ ಹೋಗ್ಬೇಕು ನಾನು."

"ಇವ್ರೇ, ನಿಮ್ಮ ಸೊಸೇನ ಕೇಳ್ಬೇಡ್ವಾ?" ಯಾರೋ ಹೆಂಗಸು ಕುಟುಕಿದಳು.

"ಅವ್ಳು ಕೂರ್ತಾಳಾ ಕುದ್ರೆ ಮೇಲೆ? ಇಲ್ವಲ್ಲ. ನಿಂಗೆ ಕೂರ್ಬೇಕಾ ಹೇಳು, ಹೆಸ್ರು ಬರ್ಸೋಣ."

ಒಂದಿಬ್ಬರು ನಕ್ಕರು. ನಕ್ಕವರ ಮಕ್ಕಳು ಉಳಿದವು. ಬಿಸಿಲು ಬಣವೆಯಿಂದ ಇಳಿದು ಬಯಲಿಗೆ ಬರುವಷ್ಟರಲ್ಲಿ ಬೀದಿಯ ಹದಿನೆಂಟು ಮಕ್ಕಳಲ್ಲಿ ಆರು, ಕಾಲೊನಿಯ ನಾಲ್ಕೂ, ಅದೇ ಜೀನಿನ ಮೇಲೆ ಕೂತು ಇಳಿದಿದ್ದವು.

ಮಮತ ಪುಸ್ತಕ ಮುಚ್ಚಿದಳು. "ಅರ್ಜೀಲಿ ಇಪ್ಪತ್ತೆರಡು ಅಂತ ಇದೆ ಸರ್."

"ತಪ್ಪು ಮೇಡಂ. ಹತ್ತು. ತಿದ್ದಿ ಕಳಿಸ್ತೀನಿ."

"ಹತ್ತಕ್ಕೆ ಕಮಿಟಿ ಒಪ್ಪುತ್ತೋ ಇಲ್ವೋ. ನಾನು ಮಾತು ಕೊಡಲ್ಲ."

"ಗೊತ್ತು."

"ಜೀನು?"

"ಒಂದು," ಅಂದ. ಆಮೇಲೆ, "ಇವತ್ತಿಂದ ಒಂದು. ನಿನ್ನೆ ನಿಮಗೆ ಹೇಳಿದ್ದು ಸುಳ್ಳು."

ಮಮತ ಅವನನ್ನು ನೋಡಿದಳು. ಮೆಚ್ಚುಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇಂಥ ಊರುಗಳನ್ನು ಬಹಳ ನೋಡಿದವಳ ದಣಿವಿತ್ತು. "ಪ್ಲಸ್ ನೋಡಿದಾಗಲೇ ನನಗೆ ಗೊತ್ತಾಯ್ತು ಸರ್," ಅಂದಳು. "ನಮ್ಮ ಶಾಲೆಯಲ್ಲಿ ಲೋಟಗಳನ್ನ ಹೀಗೇ ಬರೀತಿದ್ರು."

ಅವಳು ಉಪ್ಪಿಟ್ಟು ತಿನ್ನದೆ ಹೋದಳು. ಸ್ಕೂಟರಿನ ಸದ್ದು ದೊಡ್ಡಬೆಳವಂಗಲದ ರಸ್ತೆಯಲ್ಲಿ ಕರಗುವವರೆಗೂ ಅಪ್ಪಯ್ಯಣ್ಣ ಆ ಕಡೆಯೇ ನೋಡುತ್ತ ನಿಂತಿದ್ದ.

"ಕುದುರೆ ಹೋದ್ರೆ ನಿನ್ನಿಂದ," ಅಂದ ಆಮೇಲೆ. "ನೆನಪಿಟ್ಕೋ. ಆ ಮಗೀನ ಕಾಲೂ ನಿನ್ನಿಂದಲೇ." ತನ್ನ ಬಳಿಯಿದ್ದ ಲಾಯದ ಇನ್ನೊಂದು ಬೀಗದ ಕೈಯನ್ನೂ ಮುನೀಂದ್ರನ ಮುಂದೆ ಕಲ್ಲಿನ ಮೇಲಿಟ್ಟು ಹೊರಟುಹೋದ.

ತಂದೆ ಹೇಳಿದ್ದು ಹುಸಿಯಾಗಿರಲಿಲ್ಲ. ಮುನೀಂದ್ರ ಜೀನು ಬಿಚ್ಚಿ ಅಡ್ಡೆಯ ಮೇಲಿಟ್ಟು, ಡಚ್ಚಮ್ಮನ ಬೆನ್ನಿಗೆ ಗೋಣಿ ಹೊದಿಸುತ್ತಿದ್ದ. ಶಿಲ್ಪ ಹೊಸ್ತಿಲ ಮೇಲೆ ಕೂತು ಕುದುರೆಗೆ ಹುರುಳಿ ತಿನ್ನಿಸುತ್ತಿದ್ದಳು.

"ಟವೆಲ್ಲಿಗೆ ಕೈ ಹಾಕಿದ್ದು..." ಅನಿಲ್ ಶುರು ಮಾಡಿದ.

"ನೋಡ್ದೆ," ಅಂದ ಮುನೀಂದ್ರ. "ವಾಪಸ್ ತಗೊಂಡಿದ್ದೂ ನೋಡ್ದೆ." ಅಷ್ಟಕ್ಕೇ ಬಿಟ್ಟ. ಗೋಣಿಯ ಹುರಿ ಬಿಗಿದು, "ಮುಂದಿನ ವಾರ ಎಷ್ಟು ಗಂಟೆಗೆ ಅಂತ ಹೇಳ್ಲಿ ಮಕ್ಕಳಿಗೆ?" ಅಂದ.

"ಏಳಕ್ಕೇ."

"ಯಾರ್ಯಾರಿಗೆ?"

"ಎಲ್ಲರಿಗೂ. ನಮ್ಮ ಬೀದಿಗೆ ನಾನು ಹೋಗ್ತೀನಿ."

"ಬರ್ತಾರಾ?"

"ಗೊತ್ತಿಲ್ಲ."

ಅವನು ಹೊರಟ. ಬೀದಿಯ ಮೊದಲ ಮನೆ ಭೀಮರಾಜನದು. ಬಾಗಿಲು ತೆರೆದಿತ್ತು, ಒಳಗೆ ಟಿವಿ ಓಡುತ್ತಿತ್ತು, ಒಗ್ಗರಣೆಯ ಹೊಗೆ ಬರುತ್ತಿತ್ತು. ಈ ಮನೆಗೆ ಅವನು ಬಾಲ್ಯದಿಂದಲೂ ಕರೆಸಿಕೊಳ್ಳದೆ ಒಳಗೆ ನುಗ್ಗಿದವನು, ಅಡುಗೆಮನೆಯವರೆಗೂ ಹೋಗಿ ಚಟ್ನಿ ನೆಕ್ಕಿದವನು. ಅವನು ಮೆಟ್ಟಿಲ ಹತ್ತಿರ ಬಂದದ್ದನ್ನು ಕಂಡು ಭೀಮರಾಜನ ಹೆಂಡತಿ ಟಿವಿಯ ಸದ್ದನ್ನು ಹೆಚ್ಚು ಮಾಡಿದಳು. ಭೀಮರಾಜ್ ಪೇಪರಿನಿಂದ ತಲೆ ಎತ್ತಿದ, ಮತ್ತೆ ತಗ್ಗಿಸಿದ. ಯಾರೂ ಒಳಗೆ ಬಾ ಅನ್ನಲಿಲ್ಲ.

ಅನಿಲ್ ಮೆಟ್ಟಿಲ ಕೆಳಗೇ, ಬಿಸಿಲಲ್ಲಿ ನಿಂತ. ಟಿವಿಯ ಸದ್ದನ್ನು ಮೀರುವಂತೆ ಗಂಟಲು ಸರಿಮಾಡಿಕೊಂಡು, "ವಿಜಯ್, ಮುಂದಿನ ಭಾನುವಾರ ಏಳು ಗಂಟೆಗೆ ಕಣೋ," ಎಂದು ಕೂಗಿ, ಉತ್ತರಕ್ಕೆ ಕಾಯುತ್ತ ನಿಂತ.